ಮೂರನೇ ಹೊಂಡದ ಕೆಸರು

ಮರಿಲಿಂಗಪ್ಪ ಕೆಲಸ ಮುಗಿಸಿ ಬರುವ ಹೊತ್ತಿಗೆ ಅವನ ಮನೆಯ ಗೇಟಿನ ಹೊರಗೆ ಒಂದು ಕಲ್ಲು, ಒಂದು ಚರಿಗೆ ನೀರು, ಅರ್ಧ ಸವೆದ ಬಟ್ಟೆ ಸಾಬೂನು ಕಾದಿರುತ್ತಿದ್ದವು. ಕಲ್ಲಿನ ಮೇಲೆ ನಿಂತು, ಮೊಣಕಾಲತನಕ ತಿಕ್ಕಿ ತೊಳೆದು, ಉಗುರಿನ ಸಂದಿ ತೋರಿಸಿ ಪಾಸಾದರೆ ಮಾತ್ರ ಒಳಗೆ. ಹೊರಗಿನಿಂದ ಬಂದವರು ಕಾಲು ತೊಳೆದು ಹೊಸ್ತಿಲು ದಾಟುವುದು ಶಹಾಪುರದ ಆ ಓಣಿಯಲ್ಲಿ ಎಲ್ಲ ಮನೆಗಳಲ್ಲೂ ಇದ್ದದ್ದೇ. ಆದರೆ ಮಿಕ್ಕವರದು ಎರಡು ಹನಿ ಚಿಮುಕಿಸಿಕೊಂಡು ಮುಗಿಸುವ ಶಾಸ್ತ್ರ. ಮರಿಲಿಂಗಪ್ಪನದು ವಾರ್ಷಿಕ ಪರೀಕ್ಷೆ, ಅದೂ ದಿನಾ. ಅವನು ಊರ ಹೊರಗಿನ ಗಟಾರ ನೀರಿನ ಪ್ಲಾಂಟಿನಲ್ಲಿ ಕೆಲಸಕ್ಕಿದ್ದ. ಇಡೀ ಊರು ತೊಳೆದು ಬಿಟ್ಟ ಹೊಲಸೆಲ್ಲ ಅಲ್ಲಿಗೆ ಹೋಗಿ ಬೀಳುತ್ತಿತ್ತು.

ಕಾಲಿಗೆ ನೀರು ಹಾಕುತ್ತಿದ್ದವಳು, ಪಾಸು ಫೇಲು ಹೇಳುತ್ತಿದ್ದವಳು ಅವನ ಒಬ್ಬಳೇ ಮಗಳು ಮೌನೇಶ್ವರಿ. ಮದುವೆಯಾಗಿ ಒಂಬತ್ತು ವರ್ಷ ಮಕ್ಕಳಾಗದೆ, ತಿಂಥಣಿಯ ಮೌನೇಶ್ವರನಿಗೆ ಹರಕೆ ಹೊತ್ತ ಮೇಲೆ ಹುಟ್ಟಿದ ಕೂಸು, ಅದಕ್ಕೇ ಆ ಹೆಸರು. ಆರನೇ ತರಗತಿಯ ಹುಡುಗಿ ಎಡಗೈಯಲ್ಲಿ ಚರಿಗೆ ಬಗ್ಗಿಸಿ ಸಣ್ಣಗೆ ನೀರು ಬಿಡುತ್ತ, ಬಲಗೈ ಹೆಬ್ಬೆರಳಿನಿಂದ ಅಪ್ಪನ ಹಿಮ್ಮಡಿಯ ಒಡಕುಗಳನ್ನು ತಿಕ್ಕುತ್ತ, "ಇನ್ನ ಐತಿ ನೋಡಪಾ, ಇಲ್ಲಿ" ಅನ್ನುವಳು. ಅವನು ಬೇಕೆಂದೇ ಒಂದು ಬೆರಳಿನ ಸಂದಿಯಲ್ಲಿ ಚೂರು ಕೆಸರು ಉಳಿಸಿಕೊಂಡು ಬರುತ್ತಿದ್ದ. ಅದನ್ನು ಅವಳು ಹುಡುಕಿ ಹಿಡಿದು, ಕಳ್ಳನನ್ನು ಹಿಡಿದವಳ ಹಾಗೆ ತಾಯಿಯನ್ನು ಕೂಗಿ ಹೇಳುವುದು ಅವನಿಗೆ ದಿನದ ಎಲ್ಲ ಕೆಲಸಕ್ಕಿಂತ ದೊಡ್ಡ ಕೆಲಸವಾಗಿತ್ತು.

ಈ ಕಾಯಿದೆ ಮಾಡಿದವಳು ಹೆಂಡತಿ ಹಣಮಂತಮ್ಮ. ಗಂಡನ ಕೆಲಸದ ಬಗ್ಗೆ ಅವಳಿಗೆ ನಾಚಿಕೆ ಏನೂ ಇರಲಿಲ್ಲ. ಯಾರಾದರೂ ಮೂಗು ಮುರಿದರೆ, ನಿಮ್ಮ ಮನಿ ಬಚ್ಚಲು ಎಲ್ಲಿಗೆ ಹೋಗುತ್ತೆ ಅಂತ ಮುಖದ ಮೇಲೇ ಕೇಳುವ ಹೆಣ್ಣು. ಅವಳಿಗಿದ್ದದ್ದು ಹೆದರಿಕೆ, ಅದೂ ಕೂಸಿಗಾಗಿ. ಊರ ರೋಗವೆಲ್ಲ ಆ ಕೆಸರಿನಲ್ಲಿ ಇರುತ್ತೆ, ಅದರ ಒಂದು ಹನಿಯೂ ಮನೆಯೊಳಗೆ ಬರಕೂಡದು. ಅದರಲ್ಲೂ ಹಿತ್ತಲ ಟಾಕಿಯ ಹತ್ತಿರ ಗಂಡ ಸುಳಿಯುವಂತೆಯೇ ಇರಲಿಲ್ಲ. ಕುಡಿಯುವ ನೀರಿನ ಟಾಕಿ ಅದು. ಬಾಯಾರಿದರೆ ಹೇಳಬೇಕು, ತಂದು ಕೊಡುತ್ತಾರೆ.

ಇಷ್ಟೆಲ್ಲ ಕಾವಲು ಕಾದರು. ಕೆಸರಿನಿಂದ ಆ ಮನೆಗೆ ಒಂದು ದಿನವೂ ಏನೂ ಬರಲಿಲ್ಲ. ಬಂದದ್ದು ಕುಡಿಯುವ ನೀರಿನಿಂದ.

ಹೋದ ವರ್ಷದ ಹಿಂದಿನ ಶ್ರಾವಣ. ನಳ ಬರುವುದು ಎಂಟು ದಿನಕ್ಕೊಮ್ಮೆ, ಆ ಸಲ ಎಲ್ಲೋ ಪೈಪು ಒಡೆದು ಹನ್ನೊಂದು ದಿನವಾದರೂ ಬರಲಿಲ್ಲ. ಮನೆ ಮನೆ ನೋಡುತ್ತ ಬಂದ ಆಶಾ ಕಾರ್ಯಕರ್ತೆ ಟಾಕಿಯೊಳಗೆ ಬ್ಯಾಟರಿಯ ಬೆಳಕು ಬಿಟ್ಟು, ನೀರಿನಲ್ಲಿ ಕೊಂಕುತ್ತ ಏಳುತ್ತ ಇಳಿಯುತ್ತಿದ್ದ ಸೊಳ್ಳೆ ಮರಿಗಳನ್ನು ತೋರಿಸಿ, ಪೂರಾ ಚೆಲ್ಲಿ ಬಿಡಬೇಕೆಂದಳು. ಹಣಮಂತಮ್ಮ ಹೂಂ ಅಂದಳು. ಆಕೆ ಮುಂದಿನ ಮನೆಗೆ ಹೋದ ಮೇಲೆ ಒಂದು ಹಳೇ ಸೀರೆ ತಂದು, ನಾಲ್ಕು ಮಡಿಕೆ ಮಾಡಿ, ನೀರನ್ನೆಲ್ಲ ಸೋಸಿ ಮತ್ತೆ ಅದೇ ಟಾಕಿಗೆ ಹಾಕಿದಳು. ಓಣಿಯ ಹೆಂಗಸರೆಲ್ಲ ಮಾಡಿದ್ದು ಅದನ್ನೇ. ಚೆಲ್ಲು ಅನ್ನುವವರಿಗೆ ಏನು, ಕೊಡ ಹೊತ್ತು ತರುವವರು ಅವರಲ್ಲ. ಸೀರೆಗೆ ಸಿಕ್ಕದೆ ಉಳಿದ ಮರಿಗಳು ಎಷ್ಟೋ, ಗೋಡೆಗೆ ಅಂಟಿದ್ದ ಮೊಟ್ಟೆಗಳು ಎಷ್ಟೋ. ಹದಿನೈದು ದಿನಕ್ಕೆ ಮೌನೇಶ್ವರಿಗೆ ಜ್ವರ ಬಂತು. ಯಾದಗಿರಿಯ ಆಸ್ಪತ್ರೆಯಲ್ಲಿ ಡಾಕ್ಟರರು ನಾಲ್ಕು ದಿನ ಕಣ್ಣಿಗೆ ಕಣ್ಣು ಹಚ್ಚದೆ ಒದ್ದಾಡಿದರು. ಐದನೇ ದಿನ ಮಧ್ಯಾಹ್ನ ಹುಡುಗಿ ಹೋಗಿಬಿಟ್ಟಳು. ಹನ್ನೊಂದು ವರ್ಷ ತುಂಬಿ ಎರಡು ತಿಂಗಳಾಗಿತ್ತು.

ಹಣಮಂತಮ್ಮ ಆಮೇಲೆ ತಿಂಗಳುಗಟ್ಟಲೆ ಮನುಷ್ಯಳಾಗಿ ಉಳಿಯಲಿಲ್ಲ. ತಲೆ ಬಾಚಿಕೊಳ್ಳಲಿಲ್ಲ, ಯಾರಾದರೂ ತುತ್ತು ಮಾಡಿ ಬಾಯಿಗಿಟ್ಟರೆ ನುಂಗುವಳು. ಸೀರೆಯಲ್ಲಿ ನೀರು ಸೋಸಿದ ಎರಡು ಕೈಗಳನ್ನು ಮುಂದೆ ಚಾಚಿಕೊಂಡು, "ಈ ಕೈಲೇ ಕೊಂದೆ" ಅಂತ ಬಂದವರಿಗೆಲ್ಲ ತೋರಿಸುವಳು. ಟಾಕಿಯನ್ನು ಬಳಿದು ಒಣಗಿಸಿ, ಮತ್ತೆ ಯಾರೂ ಅದಕ್ಕೆ ನೀರು ಹಾಕಬಾರದೆಂದು ಅದರ ತುಂಬ ಸಗಣಿ ಕುಳ್ಳು ತುಂಬಿಟ್ಟಳು. ಬೆಳಿಗ್ಗೆ ಸಂಜೆ ಬೋರಿಗೆ ಹೋಗಿ ಅವತ್ತಿನ ನೀರು ಅವತ್ತೇ ತರುವಳು, ಒಂದು ಕೊಡ ಕೂಡ ಮಾರನೇ ದಿನಕ್ಕೆ ಉಳಿಸುತ್ತಿರಲಿಲ್ಲ. ಈ ಶಿಕ್ಷೆ ತನಗೆ ತಾನೇ ಹಾಕಿಕೊಂಡದ್ದು, ಮರಿಲಿಂಗಪ್ಪ ಬೇಡವೆನ್ನಲಿಲ್ಲ. ಎಂಟು ಒಂಬತ್ತು ತಿಂಗಳಾದ ಮೇಲೆ ಒಂದು ಸಂಜೆ ಅವನು ಬರುವ ಹೊತ್ತಿಗೆ ಅವಳು ಚರಿಗೆ ಹಿಡಿದು ಗೇಟಿನಲ್ಲಿ ನಿಂತಿದ್ದಳು. ಮಗಳು ಹಾಕುತ್ತಿದ್ದ ಹಾಗೇ ಸಣ್ಣಗೆ ನೀರು ಬಿಟ್ಟಳು, ಬಗ್ಗಿ ಉಗುರಿನ ಸಂದಿ ನೋಡಿದಳು. ಅವತ್ತು ರಾತ್ರಿ ತಾನಾಗಿ ತಟ್ಟೆ ತಗೊಂಡು ಒಂದು ರೊಟ್ಟಿ ತಿಂದಳು. ಮರಿಲಿಂಗಪ್ಪನಿಗೆ ಹೋದ ಜೀವ ಅರ್ಧ ಬಂದ ಹಾಗಾಯಿತು. ಆ ಚರಿಗೆ ನೀರು ಅವಳನ್ನು ಹಿಡಿದು ನಿಲ್ಲಿಸಿದೆ, ಅದಕ್ಕೆ ಯಾರೂ ಕೈ ಹಚ್ಚಬಾರದು ಅಂತ ಅವನು ಮನಸ್ಸಿನಲ್ಲೇ ಗಂಟು ಹಾಕಿಕೊಂಡ.

ಈಗ ಹೊಂಡದ ಸುದ್ದಿಗೆ ಬರೋಣ.

ಪ್ಲಾಂಟಿನಲ್ಲಿ ನಾಲ್ಕು ಹೊಂಡ. ಊರಿನ ನೀರು ಮೊದಲನೆಯದಕ್ಕೆ ಬಿದ್ದು, ಅಲ್ಲಿ ತಿಳಿಯಾಗಿ ಎರಡನೆಯದಕ್ಕೆ, ಅಲ್ಲಿಂದ ಮೂರು, ನಾಲ್ಕು, ಕೊನೆಗೆ ಹಳ್ಳಕ್ಕೆ. ಉದ್ದ ಕೋಲಿನ ಜಾಳಿಗೆಯಿಂದ ತೇಲುವ ಹೊಲಸು ಎತ್ತುವುದು, ಅಂಚಿನ ಹುಲ್ಲು ಕೀಳುವುದು, ತೂಬು ಕಟ್ಟಿಕೊಂಡರೆ ಇಳಿದು ಬಿಡಿಸುವುದು ಮರಿಲಿಂಗಪ್ಪನ ಕೆಲಸ. ಗುತ್ತಿಗೆದಾರ ಕೊಟ್ಟ ಬೂಟು ಆರು ತಿಂಗಳಿಗೆ ಹರಿದ ಮೇಲೆ ಅವನದು ಬರಿಗಾಲು. ಒಂದು, ಎರಡು, ನಾಲ್ಕನೇ ಹೊಂಡದ ದಂಡೆಯಲ್ಲಿ ಸಂಜೆ ನಿಂತರೆ ಸೊಳ್ಳೆ ಮುಕುರಿ ಮೈಯೆಲ್ಲ ದದ್ದು. ಮೂರನೆಯದರ ದಂಡೆಯಲ್ಲಿ ಒಂದೂ ಇಲ್ಲ. ಅದಕ್ಕೇ ಅವನು ಆರು ವರ್ಷದಿಂದ ಮಧ್ಯಾಹ್ನದ ರೊಟ್ಟಿ ಗಂಟು ಬಿಚ್ಚುತ್ತಿದ್ದದ್ದು ಮೂರನೇ ಹೊಂಡದ ಹತ್ತಿರವೇ. ಮಲಗಿದ ಬುದ್ಧನ ಗುಡ್ಡದ ಕಡೆಯಿಂದ ಗಾಳಿ ಬೀಸುತ್ತೆ, ಅದಕ್ಕೆ ಸೊಳ್ಳೆ ನಿಲ್ಲುವುದಿಲ್ಲ ಅಂದುಕೊಂಡಿದ್ದ. ಒಂದೆರಡು ಸಲ ಸಾಹೇಬರಿಗೂ ಹೇಳಿದ. ಅವರು ನಕ್ಕು, ಹಾಗಾದರೆ ನಿನ್ನ ಮಂಚ ಅಲ್ಲೇ ಹಾಕಿಕೋ ಅಂದರು.

ಈ ವರ್ಷ ಸಂಕ್ರಾಂತಿ ಆದ ಮೇಲೆ ತರನ್ನುಮ ಬಂದಳು. ಸುರಪುರದ ಹುಡುಗಿ, ಕಲಬುರಗಿಯಲ್ಲಿ ಓದು ಮುಗಿಸಿ ಸಂಶೋಧನೆ ಮಾಡುತ್ತಿದ್ದಳು. ಗಟಾರ ನೀರಿನಲ್ಲಿ ಬದುಕುವ ಕಣ್ಣಿಗೆ ಕಾಣದ ಜೀವಾಣುಗಳನ್ನು ಹುಡುಕುವುದು ಅವಳ ಕೆಲಸ. ಎಲ್ಲರೂ ಮೂಗಿಗೆ ಸೆರಗು ಹಿಡಿದು ಓಡುವ ಜಾಗಕ್ಕೆ ಬಸ್ಸು ಹಿಡಿದು ಬಂದು, ಓಢಣಿ ಸೊಂಟಕ್ಕೆ ಬಿಗಿದು, ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು ಪುಟ್ಟ ಪುಟ್ಟ ಶೀಶೆಗಳಲ್ಲಿ ಕೆಸರು ತುಂಬಿಕೊಳ್ಳುವ ಈ ಹುಡುಗಿಯನ್ನು ಕಂಡು ಮರಿಲಿಂಗಪ್ಪನಿಗೆ ಮೊದಲು ನಗು ಬಂತು, ಆಮೇಲೆ ಮರ್ಯಾದೆ ಬಂತು. ಮೇಡಮ್ಮೋರ ಎಂದು ಕರೆದರೆ, ಮಗಳೇ ಅನ್ನಿರಿ ಕಾಕಾ ಅಂದಳು. ಅವನ ನಾಲಗೆ ಆ ಮಾತಿಗೆ ತಿರುಗಲಿಲ್ಲ. ಮೇಡಮ್ಮೋರ ಅಂತಲೇ ಉಳಿಸಿಕೊಂಡ. ಮೂರನೇ ಹೊಂಡದ ವಿಷಯ ಅವನೇ ಹೇಳಿದ್ದು. ಆರು ವರ್ಷದಲ್ಲಿ ಮೊದಲ ಸಲ ಒಬ್ಬರು ನಗದೆ ಕೇಳಿ, ಪುಸ್ತಕದಲ್ಲಿ ಬರೆದುಕೊಂಡರು.

ಮೂರು ತಿಂಗಳ ಮೇಲೆ, ಏಪ್ರಿಲ್ ಬಿಸಿಲಿನಲ್ಲಿ, ಅವಳು ಪೇಡೆ ಡಬ್ಬಿ ಹಿಡಿದುಕೊಂಡು ಬಂದಳು. ಮುಖ ಅರಳಿತ್ತು. ಮೂರನೇ ಹೊಂಡದ ಕೆಸರಿನಲ್ಲಿ ಒಂದು ಜಾತಿಯ ಜೀವಾಣು ಇದೆಯಂತೆ. ಅದು ಮೈಯೊಳಗೇ ಹರಳಿನಂಥ ಒಂದು ವಿಷ ಕಟ್ಟಿಕೊಳ್ಳುತ್ತದಂತೆ. ಸೊಳ್ಳೆ ಮರಿ ಅದನ್ನು ತಿಂದರೆ ಹೊಟ್ಟೆ ತೂತು ಬಿದ್ದು ಒಂದು ದಿನದೊಳಗೆ ಸಾಯುತ್ತದೆ, ಮನುಷ್ಯನಿಗೆ ದನಕ್ಕೆ ಮೀನಿಗೆ ಏನೂ ಆಗುವುದಿಲ್ಲ. ಬೇರೆ ಕಡೆಯೂ ಇಂಥದ್ದು ಸಿಕ್ಕಿದೆ, ಆದರೆ ಇದು ಬಹಳ ಜೋರು. ಇದನ್ನು ಲ್ಯಾಬಿನಲ್ಲಿ ಬೇರೆ ಮಾಡಿ, ಬೆಳೆಸಿ, ಪುಡಿ ಮಾಡಬಹುದು. ಎಲ್ಲ ನಿಮ್ಮಿಂದ ಕಾಕಾ, ಅಂದಳು.

ಮರಿಲಿಂಗಪ್ಪ ಪೇಡೆ ಕೈಯಲ್ಲೇ ಹಿಡಿದುಕೊಂಡು ಕೇಳಿದ.

"ಗಟಾರದ ಸೊಳ್ಳಿಗೆ ಅಷ್ಟ ಏನ್ರಿ? ಮನ್ಯಾಗಿನ ನೀರಿನಾಗ ಆಗತಾವಲ್ಲ, ಕರೇ ಬಿಳೇ ಪಟ್ಟಿವು, ಅವಕ್ಕೂ ನಡೀತೈತೇನು?"

"ಅವಕ್ಕ ಇನ್ನೂ ಜೋರ ನಡೀತೈತಿ ಕಾಕಾ. ಡೆಂಗಿ ತರೂವು ಅವ ನೋಡ್ರಿ."

ಅವಳಿಗೆ ಅವನ ಮನೆಯ ಸುದ್ದಿ ಗೊತ್ತಿರಲಿಲ್ಲ, ಯಾರೂ ಹೇಳಿರಲಿಲ್ಲ. ಅವಳು ಬಸ್ಸಿಗೆ ಹೊತ್ತಾಯಿತೆಂದು ಹೋದ ಮೇಲೆ ಮರಿಲಿಂಗಪ್ಪ ಹೊಂಡದ ದಂಡೆಯಲ್ಲಿ ತನ್ನ ಕಾಲುಗಳನ್ನೇ ನೋಡುತ್ತ ಕೂತ. ಮೊಣಕಾಲಿನ ಕೆಳಗೆಲ್ಲ ಮೂರನೇ ಹೊಂಡದ ಕಪ್ಪು ಕೆಸರು ಒಣಗಿ ಬಿರಿದಿತ್ತು. ಪೇಡೆ ಬಿಸಿಲಿಗೆ ಕರಗಿ ಅಂಗೈಗೆ ಅಂಟಿತು, ತಿನ್ನಲಾಗಲಿಲ್ಲ.

ಮನುಷ್ಯನಿಗೆ ಒಂದು ಅನುಮಾನ ಹೊಕ್ಕರೆ ಅದನ್ನು ಖಾತ್ರಿ ಮಾಡಿಕೊಳ್ಳುವವರೆಗೂ ಸಮಾಧಾನ ಇಲ್ಲ. ಖಾತ್ರಿಯಾದರೆ ಇರುವ ಸಮಾಧಾನವೂ ಹೋಗುತ್ತದೆ ಎಂದು ಗೊತ್ತಿದ್ದರೂ ಇಲ್ಲ. ಮರುದಿನ ಅವನು ಮಗ್ಗುಲ ಮನೆಯ ಬಸಲಿಂಗನ ಬ್ಯಾರಲ್ಲಿನಿಂದ ಒಂದು ಉಪ್ಪಿನಕಾಯಿ ಬಾಟಲಿ ತುಂಬ ನೀರು, ಮರಿಗಳ ಸಮೇತ, ಎತ್ತಿಕೊಂಡು ಕೆಲಸಕ್ಕೆ ಹೋದ. ಅದೇ ಓಣಿ, ಅದೇ ಸೊಳ್ಳೆ. ಎಣಿಸಿದ, ಇಪ್ಪತ್ತಾರು ಇದ್ದವು. ಮೂರನೇ ಹೊಂಡಕ್ಕೆ ಇಳಿದು ಬಂದು, ಕಾಲಿನ ಹೆಬ್ಬೆರಳಿನ ಉಗುರಿನ ಸಂದಿಯಿಂದ ಕಡ್ಡಿಯಲ್ಲಿ ಕೆರೆದು ಒಂದು ಜೋಳದ ಕಾಳಿನಷ್ಟು ಕೆಸರು ತೆಗೆದು ಬಾಟಲಿಗೆ ಹಾಕಿ, ಪಂಪಿನ ಕೋಣೆಯ ಕಿಟಕಿಯಲ್ಲಿಟ್ಟ. ಮಾರನೇ ದಿನ ಮಧ್ಯಾಹ್ನ ನೋಡಿದರೆ ಇಪ್ಪತ್ತಾರೂ ತಳದಲ್ಲಿ ಬಿದ್ದಿದ್ದವು. ಬಾಟಲಿ ಅಲ್ಲಾಡಿಸಿದ. ಅವು ಏಳಲಿಲ್ಲ.

ಆಗ ಅವನು ಅತ್ತ. ಮಗಳನ್ನು ಮಣ್ಣು ಮಾಡಿ ಬಂದ ದಿನ ಹೆಂಡತಿಯನ್ನು ಹಿಡಿದುಕೊಳ್ಳುವುದೇ ಆಗಿ ಅವನಿಗೆ ಅಳಲು ಹೊತ್ತು ಸಿಕ್ಕಿರಲಿಲ್ಲ, ಆಮೇಲೂ ಸಿಕ್ಕಿರಲಿಲ್ಲ. ಈಗ ಪಂಪಿನ ಸದ್ದಿನೊಳಗೆ ಬಾಯಿ ಬಿಟ್ಟು ಅತ್ತ. ದಿನಕ್ಕೆ ಎರಡು ಕಾಲು, ವರ್ಷಕ್ಕೆ ಮುನ್ನೂರು ದಿನ, ಮಗಳ ಜೀವ ಉಳಿಸುವ ವಸ್ತುವನ್ನು ಗೇಟಿನತನಕ ಹೊತ್ತು ತಂದಿದ್ದ. ಅದನ್ನು ಅವಳೇ ತನ್ನ ಹೆಬ್ಬೆರಳಿನಿಂದ ತಿಕ್ಕಿ ತೊಳೆದು ಗಟಾರಕ್ಕೆ ಬಿಟ್ಟಿದ್ದಳು, ಇನ್ನ ಐತಿ ನೋಡಪಾ ಅಂತ ಹುಡುಕಿ ಹುಡುಕಿ. ಒಂದೇ ಒಂದು ದಿನ ಕಾಲು ತೊಳೆಯದೆ ಹೋಗಿ ಟಾಕಿಯ ಹತ್ತಿರ ನಿಂತಿದ್ದರೆ. ಒಂದು ದಿನ ಹೆಂಡತಿಯ ಕಣ್ಣು ತಪ್ಪಿಸಿದ್ದರೆ. ಬಾಟಲಿ ಬೇರೆ, ಸಾವಿರ ಲೀಟರಿನ ಟಾಕಿ ಬೇರೆ ಎಂಬುದು ಅವನಿಗೂ ತಿಳಿಯುತ್ತಿತ್ತು. ದುಃಖ ಮಾತ್ರ ಲೀಟರಿನ ಲೆಕ್ಕಕ್ಕೆ ನಿಲ್ಲಲಿಲ್ಲ.

ಬಾಟಲಿಯನ್ನು ಹೊಂಡಕ್ಕೆ ಚೆಲ್ಲಿದ. ಹಣಮಂತಮ್ಮನಿಗೆ ಇದು ಗೊತ್ತಾಗಬಾರದು. ಸೀರೆಯಲ್ಲಿ ನೀರು ಸೋಸಿದ ಪಾಪವನ್ನೇ ಅವಳು ಎರಡು ವರ್ಷ ಹೊತ್ತು ಈಗಷ್ಟೇ ಬೆನ್ನು ನೆಟ್ಟಗೆ ಮಾಡುತ್ತಿದ್ದಾಳೆ. ಕಾಲು ತೊಳೆಯುವ ಕಾಯಿದೆಯೂ ಅವಳದೇ ಅಲ್ಲವೇ. ಇದನ್ನು ಕೇಳಿದರೆ ಮತ್ತೆ ಎರಡು ಕೈ ಚಾಚಿಕೊಂಡು ಕೂರುತ್ತಾಳೆ, ಈ ಸಲ ಏಳುವುದಿಲ್ಲ. ತಲೆ ಹೋದರೂ ಬಾಯಿ ಬಿಡಬಾರದೆಂದು ನಿರ್ಧಾರ ಮಾಡಿದ. ಸಂಜೆ ಗೇಟಿನಲ್ಲಿ ಅವಳು ನೀರು ಹಾಕಿದಳು, ಬಗ್ಗಿ ನೋಡಿದಳು. ಅವನು ಬುದ್ಧನ ಗುಡ್ಡದ ಕಡೆ ನೋಡುತ್ತ ನಿಂತ.

ಆಷಾಢದಲ್ಲಿ ತರನ್ನುಮ ಮತ್ತೆ ಬಂದಳು. ಪುಡಿ ತಯಾರಾಗಿತ್ತು, ಪರೀಕ್ಷೆಯಾಗಿತ್ತು, ಮನೆಗಳ ನೀರಿನಲ್ಲಿ ಹಾಕಿ ನೋಡಲು ಒಪ್ಪಿಗೆ ಸಿಕ್ಕಿತ್ತು. ಡೆಂಗಿ ಹೆಚ್ಚು ಬಂದ ಓಣಿ ಯಾವುದೆಂದು ನೋಡಿ ನಲವತ್ತು ಮನೆ ಆರಿಸಿದ್ದರು. ಪಟ್ಟಿಯಲ್ಲಿ ಮರಿಲಿಂಗಪ್ಪನ ಓಣಿಯೂ ಇತ್ತು. ನಿಮ್ಮ ಮನೆಗೂ ಬರುತ್ತೇನೆ, ಕಾಕಿಯ ಕೈಯ ಚಹಾ ಕುಡಿಯುತ್ತೇನೆ ಅಂದಳು.

ಆಗ ಅವನು ಹೇಳಬೇಕಾಯಿತು. ನಿಂತಲ್ಲೇ, ಜಾಳಿಗೆಯ ಕೋಲು ಹಿಡಿದುಕೊಂಡೇ, ಮಗಳ ಹೆಸರು, ಜ್ವರ, ಟಾಕಿ, ಚರಿಗೆ ಎಲ್ಲ ಹೇಳಿದ. ಬಾಟಲಿಯದೊಂದು ಬಿಟ್ಟು. ತರನ್ನುಮಳ ಕಣ್ಣು ತುಂಬಿದವು. ಏಪ್ರಿಲಿನಲ್ಲಿ ತಾನು ತಂದ ಪೇಡೆ ಡಬ್ಬಿ ನೆನಪಾಗಿರಬೇಕು, ತಲೆ ತಗ್ಗಿಸಿದಳು.

"ಒಂದ ಮಾತು ಕೇಳ್ತೇನ್ರಿ," ಅಂದ ಮರಿಲಿಂಗಪ್ಪ. " ಕಾಲಿಗೆ ಹತ್ತಿದಷ್ಟು ಕೆಸರಿಗೆ ಅವು ಸಾಯ್ತಿದ್ದುವೇನು?"

"ಇಲ್ಲ ಕಾಕಾ." ಅವಳು ಒಂದು ಕ್ಷಣವೂ ತಡೆಯಲಿಲ್ಲ. "ಅಷ್ಟು ಸಾಲಂಗಿಲ್ಲ. ಮ್ಯಾಲ ಹೊಂಡದ ಕೆಸರ ಹಂಗ ಕುಡಿಯೋ ನೀರಿಗೆ ಹಾಕಬಾರದು, ಅದರಾಗ ಬ್ಯಾರೆ ರೋಗದವೂ ಇರ್ತಾವ. ನೀವು ಕಾಲು ತೊಳದಿದ್ದು ಸರಿನ ಐತಿ."

ಅವಳು ಹೇಳಿದ್ದರಲ್ಲಿ ಅರ್ಧವಾದರೂ ಖರೆ. ಮರಿಲಿಂಗಪ್ಪ ಪೂರ್ತಿ ಖರೆಯೆಂಬಂತೆ ತಲೆಯಾಡಿಸಿದ. ಆಮೇಲೆ ಕೈ ಮುಗಿದು ಒಂದೇ ಬೇಡಿಕೊಂಡ. ಓಣಿಗೆ ಬನ್ನಿ, ಪುಡಿ ಹಾಕಿ, ಆದರೆ ಅದು ಎಲ್ಲಿಯದೆಂದು ಹೇಳಬೇಡಿ. ಲ್ಯಾಬಿನಲ್ಲಿ ಮಾಡಿದ್ದು ಅನ್ನಿ ಸಾಕು. ಅವಳು ಹಾಗೇ ಅನ್ನುತ್ತೇನೆಂದು ಮಾತು ಕೊಟ್ಟಳು, ಅದೂ ಸುಳ್ಳೇನಲ್ಲವಲ್ಲ.

ಮಾತನ್ನು ಅವಳು ಉಳಿಸಿಕೊಂಡಳು. ಕೆಡಿಸಿದವನು ಬಸಲಿಂಗ, ಅದೂ ಒಳ್ಳೆಯ ಮನಸ್ಸಿನಿಂದ. ಸಣ್ಣ ಕಿರಾಣಿ ಅಂಗಡಿಯ ಬಸಲಿಂಗನಿಗೆ ಸಾಮಾನು ಕಟ್ಟುವ ಮೊದಲು ಪೇಪರು ಓದುವ ಚಟ. ಜಿಲ್ಲೆಯ ಸುದ್ದಿಯ ಪುಟದಲ್ಲಿ ನಾಲ್ಕು ಸಾಲು ಬಂದಿತ್ತಂತೆ, ಶಹಾಪುರದ ಕೊಳಚೆ ನೀರಿನ ಹೊಂಡದಲ್ಲಿ ಸೊಳ್ಳೆ ಕೊಲ್ಲುವ ಜೀವಾಣು ಪತ್ತೆ ಎಂದು. ಶ್ರಾವಣ ಹಿಡಿದ ಮೊದಲ ಸೋಮವಾರ ತರನ್ನುಮ ಆಶಾ ಕಾರ್ಯಕರ್ತೆಯ ಜೊತೆ ಓಣಿಗೆ ಬಂದಾಗ ಮರಿಲಿಂಗಪ್ಪ ಕೆಲಸದ ಮೇಲಿದ್ದ. ಅಲ್ಲಿ ಏನಾಯಿತೆಂದು ಅವನಿಗೆ ತಿಳಿದದ್ದು ಮೂರು ಗಂಟೆಯ ಹೊತ್ತಿಗೆ, ತರನ್ನುಮ ಬಿಸಿಲಿನಲ್ಲಿ ಪ್ಲಾಂಟಿನತನಕ ನಡೆದು ಬಂದು ಅಳುತ್ತ ಹೇಳಿದಾಗ.

ಓಣಿಯ ಹೆಂಗಸರು ಪುಡಿಯ ಡಬ್ಬಿಯ ಸುತ್ತ ಕೂಡಿದ್ದರಂತೆ. ಕುಡಿಯುವ ನೀರಿಗೆ ಯಾವುದೋ ಪುಡಿ ಹಾಕುತ್ತೇನೆಂದರೆ ಯಾರು ತಾನೇ ಸುಮ್ಮನೆ ಒಪ್ಪುತ್ತಾರೆ. ಎಲ್ಲಿಯದು, ಏನು, ಮಕ್ಕಳಿಗೆ ಏನಾದರೂ ಆದರೆ ಯಾರು ಹೊಣೆ ಎಂಬ ಮಾತು ಬಂತು. ಹಣಮಂತಮ್ಮ ತನ್ನ ಕಟ್ಟೆಯ ಮೇಲೆ ದೂರ ಕೂತಿದ್ದಳು. ಆಗ ಬಸಲಿಂಗ ಅಂಗಡಿಯಿಂದಲೇ ಧೈರ್ಯ ಹೇಳಿದ್ದ. ಹೆದರಬ್ಯಾಡ್ರಿ, ಇದು ಹೊರಗಿಂದಲ್ಲ, ನಮ್ಮ ಮರಿಲಿಂಗಪ್ಪನ ಹೊಂಡದ ಕೆಸರಿನಾಗಿಂದ ತಗದಾರ, ಪೇಪರಿನಾಗ ಬಂದೈತಿ. ಹೆಂಗಸರೆಲ್ಲ ಹಣಮಂತಮ್ಮನ ಕಡೆ ತಿರುಗಿ ಮೆಚ್ಚಿ ನಕ್ಕರಂತೆ. ಎರಡು ವರ್ಷದಲ್ಲಿ ಮೊದಲ ಸಲ ಆ ಮನೆಯ ಕಡೆ ಯಾರೋ ನಗುಮುಖದಿಂದ ನೋಡಿದ್ದು.

ಹಣಮಂತಮ್ಮ ಎದ್ದು ಬಂದು ತರನ್ನುಮಳ ಎದುರು ನಿಂತು, ಇವರ ಕಾಲಿಗೆ ಹತ್ತಿಕೊಂಡು ಬರುತ್ತಿತ್ತಲ್ಲ, ಆ ಕೆಸರೇನವ್ವಾ, ಅಂತ ಕೇಳಿದಳಂತೆ. ತರನ್ನುಮ ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ. ಆಮೇಲೆ ಹಣಮಂತಮ್ಮ ಒಂದು ಟಾಕಿಗೆ ಎಷ್ಟು ಹಾಕುತ್ತೀರಿ ಅಂತ ಕೇಳಿದಳು. ತರನ್ನುಮ ಡಬ್ಬಿಯೊಳಗಿನ ಪುಟ್ಟ ಚಮಚ ತೋರಿಸಿದಳು, ಕೂಸಿಗೆ ಔಷಧ ಹಾಕುವಂಥ ಚಮಚ. ಹಣಮಂತಮ್ಮ ಅದನ್ನು ಕೈಯಲ್ಲಿ ತೆಗೆದುಕೊಂಡು, ತಿರುಗಿಸಿ ನೋಡಿ, ವಾಪಸು ಕೊಟ್ಟು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ತರನ್ನುಮ ಬಾಗಿಲು ತಟ್ಟಿ, ಪುಡಿ ಬೇರೆ ಕೆಸರು ಬೇರೆ ಕಾಕಿ, ಕಾಲಿನ ಕೆಸರಿಗೆ ಏನೂ ಆಗುತ್ತಿರಲಿಲ್ಲ ಎಂದು ಹೊರಗಿನಿಂದಲೇ ಹೇಳಿದಳು.

ಮರಿಲಿಂಗಪ್ಪ ಜಾಳಿಗೆಯನ್ನು ಅಲ್ಲೇ ಬಿಟ್ಟ. ದಿನಾ ಅವನು ಪ್ಲಾಂಟಿನ ನಳದಲ್ಲಿ ಒಂದು ಸಲ ಕಾಲು ನೆನೆಸಿಕೊಂಡೇ ಹೊರಡುವವನು, ಇವತ್ತು ಅದೂ ನೆನಪಾಗಲಿಲ್ಲ. ಸೈಕಲ್ಲು ಹತ್ತಿದ. ಭತ್ತದ ಗದ್ದೆ ದಾಟಿ, ಬಸ್‌ಸ್ಟ್ಯಾಂಡು ದಾಟಿ ಓಣಿಯ ಬಾಯಿಗೆ ಬರುವಷ್ಟರಲ್ಲಿ ಅವನು ಹೆಂಡತಿಗೆ ಹೇಳಬೇಕಾದ ಹತ್ತು ಮಾತು ಜೋಡಿಸಿ ಹತ್ತನ್ನೂ ಬಿಟ್ಟಿದ್ದ. ಬಸಲಿಂಗ ಅಂಗಡಿಯಿಂದ ಏನೋ ಕೇಳಿದ. ಅವನು ನಿಲ್ಲಲಿಲ್ಲ.

ಗೇಟಿನ ಹೊರಗೆ ಕಲ್ಲು ಇತ್ತು. ಚರಿಗೆ ಇರಲಿಲ್ಲ, ಸಾಬೂನೂ ಇರಲಿಲ್ಲ. ಮರಿಲಿಂಗಪ್ಪ ಕಲ್ಲಿನ ಮೇಲೆ ನಿಂತು ಕೂಗಿದ. ಎರಡನೇ ಸಲ ಕೂಗುವಷ್ಟರಲ್ಲಿ ಬಾಗಿಲು ತೆರೆಯಿತು. ಹಣಮಂತಮ್ಮ ಹೊಸ್ತಿಲಲ್ಲಿ ನಿಂತಿದ್ದಳು. ಮೊಣಕೈತನಕ ಕುಳ್ಳಿನ ಧೂಳು, ತಲೆಯ ಮೇಲೂ ಧೂಳು. ಕಣ್ಣು ಒಣಗಿದ್ದವು.

"ತೊಳಿಬ್ಯಾಡ್ರಿ," ಅಂದಳು. "ಹಂಗ ಬರ್ರಿ ಒಳಗ."

"ಕೆಸರ ಐತಿ."

"ಇರಲಿ ಬರ್ರಿ."

ಆರು ವರ್ಷದ ಆ ಕೆಲಸದಲ್ಲಿ ಅವನು ಕೆಸರುಗಾಲಿನಲ್ಲಿ ಆ ಹೊಸ್ತಿಲು ದಾಟಿದ್ದು ಅದೇ ಮೊದಲು. ಅವಳು ದಿನಾ ಎರಡು ಸಲ ಒರೆಸುವ ಶಹಾಬಾದ ಕಲ್ಲಿನ ನೆಲದ ಮೇಲೆ ಒಂದೊಂದು ಹೆಜ್ಜೆಯೂ ಕಪ್ಪಗೆ ಮೂಡಿತು. ಅವನು ಹಿಂತಿರುಗಿ ನೋಡಿ ತಡೆದು ನಿಂತರೆ, ಅವಳು ರಟ್ಟೆ ಹಿಡಿದು ನಡೆಸಿಕೊಂಡು ಹೋದಳು. ಪಡಸಾಲೆ ದಾಟಿ, ಅಡುಗೆ ಮನೆ ದಾಟಿ, ಹಿತ್ತಲಿಗೆ. ಅಲ್ಲಿ ಕುಳ್ಳೆಲ್ಲ ಹೊರಗೆ ಬಿದ್ದು ಗುಡ್ಡೆಯಾಗಿತ್ತು. ಟಾಕಿ ಖಾಲಿಯಾಗಿ, ಗುಡಿಸಿ, ಬೆಳ್ಳಗೆ ಒಣಗಿಕೊಂಡು ಬಾಯಿ ತೆರೆದಿತ್ತು.

"ಇದರಾಗ ಇಳೀರಿ."

ಅವನು ಅವಳ ಮುಖ ನೋಡಿದ. ಅವನು ಟಾಕಿಯ ಅಂಚು ಹಿಡಿದು ಒಂದು ಕಾಲು ಒಳಗಿಟ್ಟ, ಆಮೇಲೆ ಇನ್ನೊಂದು. ಒಣ ಸಿಮೆಂಟಿನ ಮೇಲೆ ಎರಡು ಪಾದ ಅಚ್ಚು ಬಿದ್ದವು, ಐದೈದು ಬೆರಳು, ಹಿಮ್ಮಡಿಯ ಒಡಕು ಎಲ್ಲ ಕಾಣುವ ಹಾಗೆ. ಬೆರಳಿನ ಸಂದಿಯಿಂದ ಒಂದು ಚೂರು ಕೆಸರು ಕಳಚಿ ಬಿತ್ತು. ಹಣಮಂತಮ್ಮ ಅಂಚಿಗೆ ಎದೆಯಾನಿಸಿ ಬಗ್ಗಿ, ಆ ಚೂರನ್ನು ಹೆಬ್ಬೆರಳಿನಿಂದ ಮುಟ್ಟಿದಳು.

ಮರಿಲಿಂಗಪ್ಪನಿಗೆ ತರನ್ನುಮ ಹೇಳಿದ್ದು ನೆನಪಿತ್ತು. ಕಾಲಿನ ಕೆಸರು ಸಾಲುತ್ತಿರಲಿಲ್ಲ, ಅದನ್ನು ಹೇಳಬೇಕು, ಈಗಲೇ ಹೇಳಬೇಕು. ಬಾಯಿ ತೆರೆದ. ಕಿಟಕಿಯಲ್ಲಿಟ್ಟ ಬಾಟಲಿ ಕಣ್ಣ ಮುಂದೆ ಬಂತು, ತಳದಲ್ಲಿ ಬಿದ್ದ ಇಪ್ಪತ್ತಾರು. ಸುಳ್ಳಿನ ಬದಲು ಅಳು ಬಂತು. ಅವನು ಅಳುತ್ತಿರುವುದನ್ನು ನೋಡಿ ಅವಳಿಗೆ ಎಲ್ಲ ತಿಳಿಯಿತು, ಅವನಿಗೆ ಮೊದಲೇ ಗೊತ್ತಿತ್ತೆಂಬುದೂ ತಿಳಿಯಿತು. ಅವಳು ಸಿಟ್ಟಾಗಲಿಲ್ಲ. ಕೈ ಚಾಚಿ ತೋರಿಸಲೂ ಇಲ್ಲ. ಹೆಬ್ಬೆರಳಿಗೆ ಹತ್ತಿದ ಕೆಸರನ್ನು ಅವನ ಮುಂದೆ ಹಿಡಿದಳು.

"ಇಷ್ಟ ಸಾಕಿತ್ತು ನೋಡ್ರಿ," ಅಂದಳು.

ಅವನು ಟಾಕಿಯೊಳಗೆ, ಅವಳು ಹೊರಗೆ, ಅಂಚಿನ ಮೇಲೆ ಕೈಗೆ ಕೈ ಹಿಡಿದುಕೊಂಡು ಹಾಗೇ ನಿಂತರು. ಕಾಲಿನ ಕೆಸರು ಒಣಗುತ್ತ ಬಂತು. ನಳ ಬರಲು ಇನ್ನೂ ಮೂರು ದಿನ ಇತ್ತು.